ಅತ್ತೆ ಹಿಡಿದ ಜಿಲೇಬಿ ಮೀನು

ಬಸುರಿಯ ಗಂಡ ಜೀವ ತೆಗೆಯಬಾರದು. ಇದು ನನ್ನ ಅತ್ತೆಯ ಮನೆಯ ಕಟ್ಟಪ್ಪಣೆ. ಹಾವು ಕಂಡರೂ ಅವನು ದಾರಿ ಬಿಟ್ಟು ನಿಲ್ಲಬೇಕು, ಕೋಳಿ ಕುಯ್ಯಲು ಪಕ್ಕದ ಮನೆಯವರನ್ನು ಕರೆಯಬೇಕು. ನನ್ನ ಗಂಡನಿಗೋ ಮೀನು ಹಿಡಿಯುವ ಹುಚ್ಚು. ಗೊರೂರಿನ ಹಿನ್ನೀರು ಮನೆಯಿಂದ ಕೂಗಳತೆಯಲ್ಲಿದೆ. ಫೋನಿನಲ್ಲಿ ನೋಡಿ ನೋಡಿ ರೀಲು ಇರುವ ಗಾಳದ ಕೋಲು ತರಿಸಿಕೊಂಡಿದ್ದರು, ಜೊತೆಗೆ ಪುಕ್ಕ ಕಟ್ಟಿ ನೊಣದಂತೆ ಮಾಡಿದ ಕೊಕ್ಕೆಗಳು. ನಾನು ಮೊದಲ ಸಲ ಬಸುರಾದಾಗ ಯಾರ ಮಾತೂ ಕೇಳದೆ ಭಾನುವಾರ ತಪ್ಪದೆ ನೀರಿಗೆ ಹೋದರು. ಆ ಮಗು ಉಳಿಯಲಿಲ್ಲ. ಅತ್ತೆ ಮಗನನ್ನು ಒಂದು ಮಾತೂ ಅನ್ನಲಿಲ್ಲ. ಎರಡನೆಯ ಸಲ ನಾನು ಬಸುರಿ ಎಂದು ಗೊತ್ತಾದ ದಿನ ಅತ್ತೆಯೇ ಆ ಕೋಲನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದರು.

ನಾನು ಡಿಗ್ರಿ ಓದಿದವಳು. ಮೀನಿಗೂ ಬಸುರಿಗೂ ಎಲ್ಲಿಯ ಸಂಬಂಧ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಅತ್ತೆಗಿಂತ ಹೆಚ್ಚು ಹೆದರಿದ್ದವಳು ನಾನೇ. ಏಳು ತಿಂಗಳು ತುಂಬಿದರೂ ಹೊಟ್ಟೆಯಲ್ಲಿರುವುದನ್ನು ಮಗು ಎಂದು ಬಾಯಿಬಿಟ್ಟು ಕರೆದಿರಲಿಲ್ಲ. ಕರೆದರೆ ಹೋಗಿಬಿಡುತ್ತದೇನೋ ಎಂಬ ಭಯ.

ಅಂಥ ಹೊತ್ತಿನಲ್ಲಿ ನನಗೆ ಮೀನಿನ ಸಾರಿನ ಬಯಕೆ ಹತ್ತಿಕೊಂಡಿತು. ಹಾಸನದಿಂದ ಐಸ್ ಮೀನು ತಂದರೆ ವಾಸನೆಗೇ ಹೊಟ್ಟೆ ತೊಳೆಸಿತು. ಹಿನ್ನೀರಿನದೇ ಬೇಕು. ಅದು ಮೀನು ಮರಿ ಮಾಡುವ ಕಾಲ, ಬಲೆಯವರು ನೀರಿಗೆ ಇಳಿಯುತ್ತಿರಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ಅತ್ತೆಯ ಇನ್ನೊಂದು ನಂಬಿಕೆ. ಪಾಪ, ಅವರು ಎರಡರ ನಡುವೆ ಸಿಕ್ಕಿಕೊಂಡು ಒದ್ದಾಡಿದರು. ಕೊನೆಗೆ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಮಗನನ್ನು ಕರೆದರು.

"ಬಸುರಿ ಗಂಡ ಇಡೀಬಾರ್ದು, ಸರಿ. ಬಸುರಿ ಅತ್ತೆ ಇಡೀಬಾರ್ದು ಅಂತ ಯಾರೂ ಏಳಿಲ್ಲ ಕಣ್ಲಾ. ತಗಿ ಆ ಕೋಲ."

ಹಿನ್ನೀರಿನ ದಡದಲ್ಲಿ ಅವತ್ತು ನಡೆದದ್ದನ್ನು ಯಾರಾದರೂ ನೋಡಿದ್ದರೆ ನಮಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೋಲು ಹಿಡಿದಿದ್ದಾರೆ. ಪಾಪ ತಗಲದಿರಲೆಂದು ಮಗ ನೀರಿಗೆ ಬೆನ್ನು ಮಾಡಿ ನಿಂತು, "ಬೀಸವ್ವ... ನಿಧಾನಕ್ಕೆ ಸುತ್ತವ್ವ" ಎಂದು ಹೊಲದ ಕಡೆಗೆ ಕೂಗುತ್ತಿದ್ದಾರೆ. ನಾನು ಹೊಂಗೆ ಮರದ ಕೆಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ಈ ಪುಕ್ಕನ ಕೋಳಿನೂ ಮೂಸಕಿಲ್ಲ" ಎಂದು ಅತ್ತೆ ಗೊಣಗುವಷ್ಟರಲ್ಲಿ ಕೋಲು ಬಗ್ಗಿತು.

ಅಂಗೈಗಿಂತ ದೊಡ್ಡ ಜಿಲೇಬಿ ಮೀನು. ಅತ್ತೆ ಅದನ್ನು ನನ್ನ ಮುಂದೆ ಹಿಡಿದು, "ಕೊಕ್ಕೆ ಬುಡ್ಸಮ್ಮಿ, ನಂಗೆ ಕಣ್ ಕಾಣಕಿಲ್ಲ" ಎಂದರು. ಕೊಕ್ಕೆ ಬಾಯೊಳಗೆ ಇರಲಿಲ್ಲ, ತುಟಿಯ ಹೊರಗೆ ಚುಚ್ಚಿಕೊಂಡಿತ್ತು. ಮೀನು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಕೊಕ್ಕೆ ಎಳೆದೆ, ತುಟಿ ಹರಿಯಿತು, ಬಾಯಿ ತೆರೆಯಿತು. ನನ್ನ ಅಂಗೈಗೆ ಒದ್ದೆ ಮರಳಿನಂಥದ್ದೇನೋ ಸುರಿಯಿತು. ಮರಳು ಎಂದೇ ತಿಳಿದೆ. ಮರಳಿಗೆ ಕಣ್ಣುಗಳಿದ್ದವು.

ನಾನು ಕಿರುಚಿದೆ. ಗಂಡ ಎಲ್ಲ ಮರೆತು ತಿರುಗಿದರು. ನನ್ನ ಅಂಗೈಗೆ ಬಗ್ಗಿ ನೋಡಿದರು.

"ಮರಿ ಕಣೇ ಅವು. ಜಿಲೇಬಿ ಮರಿನ ಬಾಯೊಳಗೇ ಸಾಕ್ತದೆ. ಅವು ದೊಡ್ಡವಾಗೋವರ್ಗೂ ತಾಯಿ ಏನೂ ತಿನ್ನಕಿಲ್ವಂತೆ. ಕೊಕ್ಕೆ ಪುಕ್ಕ ಮರಿ ತಿನ್ನಕೆ ಬಂತು ಅಂತ ಓಡ್ಸಕೆ ಬಂದಿರ್ಬೇಕು."

ನನ್ನ ಅಂಗೈಯಲ್ಲಿ ಅಷ್ಟೊಂದು ಜೀವ ಒದ್ದಾಡುತ್ತಿದೆ, ಮುಷ್ಟಿ ಮುಚ್ಚಲೂ ಆಗದು, ಬಿಡಲೂ ಆಗದು. ಅತ್ತೆಯೇ ನನ್ನ ರಟ್ಟೆ ಹಿಡಿದು ನೀರಿಗೆ ಕರೆದೊಯ್ದು ಕೈಯನ್ನು ಮುಳುಗಿಸಿದರು. ಮರಿಗಳು ಚದುರಿದವು. ತಾಯಿ ಮೀನನ್ನು ಬಿಟ್ಟದ್ದೇ ತಡ, ಅದು ಕೆಸರೆಬ್ಬಿಸಿಕೊಂಡು ಮಾಯವಾಯಿತು. ಎಲ್ಲಿದ್ದವೋ, ಪುಡಿ ಮೀನುಗಳು ಬಂದು ಮರಿಗಳನ್ನು ನುಂಗತೊಡಗಿದವು.

ಅತ್ತೆ ಸೀರೆ ಎತ್ತಿಕೊಳ್ಳದೆ ನೀರಿಗಿಳಿದು ಅವನ್ನು ಅಟ್ಟಿದರು. ಕತ್ತಲಿನ ಜಾಗ ಹುಡುಕುತ್ತಿದ್ದ ಮರಿಗಳು ಅವರ ಸೀರೆಯ ನೆರಳಿಗೆ, ಎರಡು ಪಾದಗಳ ನಡುವೆ ಬಂದು ಗುಂಪಾದವು.

"ಕಾಲ್ ಎತ್ತಕಾಯ್ತಿಲ್ಲ ಕಣಮ್ಮಿ, ತುಳುದ್ಬುಡ್ತೀನಿ" ಎಂದರು. ಆಮೇಲೆ ಅಳಲು ಶುರು ಮಾಡಿದರು. "ಬಾಯಾಗ್ ಮಕ್ಳಿಟ್ಕಂಡಿದ್ದೋಳ್ನ ನಾನೇ ಎಳುದ್ನಲ್ಲಪ್ಪಾ."

ಮೊದಲ ಮಗು ಹೋದಾಗಲೂ ಅವರು ನನ್ನೆದುರು ಹೀಗೆ ಅತ್ತಿರಲಿಲ್ಲ. ನಾವಿಬ್ಬರೂ ದಡದಲ್ಲಿ ಪೆದ್ದರಂತೆ ನಿಂತಿದ್ದೆವು. ಬಿಸಿಲು ಏರಿತು. ಅತ್ತೆ ಕದಲಲಿಲ್ಲ. ಆ ಮೀನು ಇನ್ನು ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿಹೋಗಿತ್ತು.

ಬಂತು. ಹರಿದ ತುಟಿ ಜೋಲುತ್ತಿತ್ತು, ಅದೇ ಮೀನು. ತನ್ನನ್ನು ಎಳೆದು ಹಾಕಿದವಳ ಕಾಲ ನಡುವೆಯೇ ನುಗ್ಗಿ ಬಾಯಿ ತೆರೆಯಿತು. ಉಳಿದಿದ್ದ ಮರಿಗಳೆಲ್ಲ ನೂಕಾಡಿಕೊಂಡು ಒಳಗೆ ಹೋದವು. ಬಾಯಿ ಮುಚ್ಚಿತು, ಮೀನು ಹೋಯಿತು. ನಾನು ಕೆಸರೆಂದೂ ನೋಡದೆ ಕುಸಿದು ಕೂತೆ. ಹೊಟ್ಟೆಯ ಮೇಲೆ ಕೈಯಿಟ್ಟು, ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳಲಿ ಎಂದು ಗಟ್ಟಿಯಾಗಿಯೇ, "ಇರು ಮಗಾ, ಎಲ್ಲೂ ಹೋಗಬೇಡ" ಎಂದೆ.

ಮನೆಗೆ ಬಂದು ಹುರುಳಿ ಸಾರು ಉಂಡೆವು. ನನ್ನ ಬಯಕೆ ತೀರಲೇ ಇಲ್ಲ. ಮಗಳಿಗೆ ವರ್ಷ ತುಂಬುವ ಹೊತ್ತಿಗೆ ನೆಗಡಿ ಹಿಡಿದು ಕಿವಿ ಸೋರಿತು. ನಾನು ಗಾಬರಿಯಾಗಿ ಆಸ್ಪತ್ರೆಗೆ ಓಡಿದೆ, ಔಷಧಿ ತಂದೆ. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹತ್ತಿಯಲ್ಲಿ ಕಿವಿ ಒರೆಸುತ್ತಾ, "ಅಳ್ಬ್ಯಾಡ ಕಣಮ್ಮಿ" ಎಂದು ನನಗೆ ಹೇಳಿದರು. "ಸೋರಕಾದ್ರೂ ಒಂದ್ ಕಿವಿ ಐತಲ್ಲ ನಮ್ಮನೇಲಿ."