ಇನ್ಸುಲಿನ್‌ಗೆ ಇಬ್ಬರ ಸಹಿ

ನನ್ನ ಹೊಟ್ಟೆಗೆ ನಾನು ಹಾಕಿಕೊಳ್ಳುವ ಇಂಜೆಕ್ಷನ್ನನ್ನು ಇನ್ನೊಬ್ಬರು ಪಾಸ್ ಮಾಡಬೇಕು ಎಂಬ ನಿಯಮ ನಮ್ಮ ಮನೆಗೆ ಬಂದದ್ದು ನನ್ನ ಗಂಡ ನಿವೃತ್ತರಾದ ಮೇಲೆ. ಅದಕ್ಕೂ ಮುಂಚೆ ಪಾಸ್ ಮಾಡಲು ಅವರಿಗೆ ಚೆಕ್ಕುಗಳಿದ್ದವು, ವೋಚರುಗಳಿದ್ದವು, ಸಾಲದ ಕಾಗದಗಳಿದ್ದವು. ಆಮೇಲೆ ಉಳಿದವಳು ನಾನೊಬ್ಬಳೇ.

ನಾವಿಬ್ಬರೂ ಬ್ಯಾಂಕಿನವರು. ನಾನು ಬಳ್ಳಾರಿಯವಳು. ಅವರು ವಿಜಯವಾಡದವರು, ಬಳ್ಳಾರಿಗೆ ವರ್ಗವಾಗಿ ಬಂದು, ಕೌಂಟರಿನಲ್ಲಿ ನಿಂತೇ ಕನ್ನಡ ಕಲಿತು, ನನ್ನನ್ನು ಮದುವೆಯಾದರು. ಕೆಲಸಕ್ಕೆ ಸೇರಿದ ವರ್ಷವೇ ನನಗೆ ಟೈಪ್ ಒನ್ ಡಯಾಬಿಟಿಸ್ ಬಂದಿತ್ತು. ಆಗ ಗಾಜಿನ ಸಿರಿಂಜು. ಬೆಳಿಗ್ಗೆ ಹಾಲಿಗಿಂತ ಮೊದಲು ಅದನ್ನು ಕುದಿಸಬೇಕಿತ್ತು. ನನ್ನ ದೇಹ ಇನ್ಸುಲಿನ್ ತಯಾರಿಸುವುದಿಲ್ಲ, ಹೊರಗಿನಿಂದ ಹಾಕಬೇಕು. ಕಡಿಮೆಯಾದರೆ ಸಕ್ಕರೆ ಏರಿ ಆಸ್ಪತ್ರೆ, ಹೆಚ್ಚಾದರೆ ಸಕ್ಕರೆ ಇಳಿದು ನಿಂತಲ್ಲೇ ಬೀಳುವುದು. ವಿಷಯ ಇಷ್ಟೇ. ಇದನ್ನು ತಿಳಿದುಕೊಳ್ಳಲು ನನ್ನ ಗಂಡನ ಕಡೆಯವರಿಗೆ ಇಷ್ಟು ವರ್ಷ ಸಾಲಲಿಲ್ಲ. ಅವರಲ್ಲಿ ಯಾರು ಬಂದರೂ ಹಾಗಲಕಾಯಿ ರಸ ಕುಡಿ ಎನ್ನುತ್ತಾರೆ. ಕುಡಿದರೆ ಇಂಜೆಕ್ಷನ್ ಬಿಡಬಹುದು ಎನ್ನುತ್ತಾರೆ. ನಾನು ಬಿಟ್ಟರೆ ಅವರು ನನ್ನ ತಿಥಿಗೆ ಬರಬೇಕಾಗುತ್ತದೆ ಎಂದು ಹೇಳಿದರೆ, ಒರಟು ಮಾತು ಎನ್ನುತ್ತಾರೆ.

ನಿವೃತ್ತಿಗೆ ಮೊದಲು ಕೊನೆಯದಾಗಿ ಕೆಲಸ ಮಾಡಿದ್ದು ವಿಶಾಖಪಟ್ಟಣದಲ್ಲಿ. ಅಲ್ಲೇ ಉಳಿದೆವು. ಋಷಿಕೊಂಡದ ದಾರಿಯಲ್ಲಿ ಒಂದು ಫ್ಲಾಟು. ನನಗೆ ಏಳುವ, ನಡೆಯುವ, ಪರೀಕ್ಷಿಸಿಕೊಳ್ಳುವ, ತಿನ್ನುವ ಹೊತ್ತು ಎಲ್ಲ ಗೊತ್ತುಮಾಡಿದ್ದು. ಶಿಸ್ತು ನನಗೆ ಹವ್ಯಾಸವಲ್ಲ, ಅದು ತಪ್ಪಿದ ದಿನ ಏನಾಗುತ್ತದೆಂದು ನೋಡಿದ್ದೇನೆ. ಈ ಜೀವನದೊಳಗೆ ಗಂಡ ಚೆಕರ್ ಆಗಿ, ಅಂದರೆ ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ನೋಡಿ ಪಾಸ್ ಮಾಡುವ ಎರಡನೆಯವರಾಗಿ, ಬಂದು ಕುಳಿತರು. ನೆಪ ನನ್ನ ಕಣ್ಣಿನ ಪೊರೆ. ಪೊರೆ ತೆಗೆಸಿದ ಮೇಲೆ ನನಗೆ ಅವರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಪದ್ಧತಿ ಮಾತ್ರ ಹೋಗಲಿಲ್ಲ.

ಪದ್ಧತಿ ಹೀಗೆ. ತಿಂಡಿಗೆ ಮೊದಲು ನಾನು ಇನ್ಸುಲಿನ್ ತುಂಬಿದ ಪೆನ್ನಿಗೆ ಸೂಜಿ ಸಿಕ್ಕಿಸಿ, ಅದರ ಹಿಂಬದಿಯ ಗುಂಡಿ ತಿರುಗಿಸಿ, ಅದರ ಪುಟ್ಟ ಕಿಟಕಿಯಲ್ಲಿ ಎಂಟು ಯೂನಿಟ್ ಬರುವಂತೆ ಮಾಡಬೇಕು. "ಎಂಟು" ಎನ್ನಬೇಕು. ಅವರು ಕನ್ನಡಕ ಹಣೆಗೇರಿಸಿ ನೋಡಿ "ಪಾಸ್" ಎನ್ನಬೇಕು. ನಾನು ಚುಚ್ಚಿಕೊಂಡು, ಸೂಜಿ ತೆಗೆದು ಬಿಸಾಡಿ, ಪೆನ್ನನ್ನು ತಟ್ಟೆಯಲ್ಲಿಡಬೇಕು. ಗುಂಡಿ ಒತ್ತಿದ ಮೇಲೆ ಕಿಟಕಿಯಲ್ಲಿ ಸೊನ್ನೆ ಬರುತ್ತದೆ. ಹಾಕಿಕೊಳ್ಳುವ ಮೊದಲೂ ಅಲ್ಲಿ ಸೊನ್ನೆಯೇ. ಪೆನ್ನು ನೋಡಿ ಯಾರೂ ಏನೂ ಹೇಳಲಾರರು. ಇದನ್ನು ನಾನು ಮೊದಲ ದಿನವೇ ಹೇಳಿದೆ.

"ಅದಕ್ಕೇ ಅಲ್ಲೇನೇ ನಾನಿರೋದು?" ಎಂದರು.

"ನೀವಿರೋದು ಪೇಪರ್ ಓದಾಕ."

"ನೋಡು, ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಯಾಕೆ ಇಡ್ತಾರ?"

"ಒಬ್ಬ ಕಳ್ಳ ಆದ್ರ ಅಂತ. ಇಲ್ಲಿ ಕಳ್ಳತನ ಮಾಡಾಕ ಏನೈತ್ರಿ? ನನ್ನ ಹೊಟ್ಟಿ?"

ಅವರು ನಕ್ಕರು. ಮರುದಿನ ಬೆಳಿಗ್ಗೆ ಕನ್ನಡಕ ಹಣೆಗೇರಿಸಿ ಬಂದು ನಿಂತರು.

ತಪ್ಪು ನಡೆದದ್ದು ವಿಜಯವಾಡದ ಪಟಮಟದಲ್ಲಿ, ನನ್ನ ನಾದಿನಿಯ ಮನೆಯಲ್ಲಿ. ಅವಳ ಮೊಮ್ಮಗಳ ತೊಟ್ಟಿಲು ಶಾಸ್ತ್ರ. ಅಣ್ಣ ಬ್ಯಾಂಕಿನವನು ಎಂದು ಶಾಮಿಯಾನದ ಜವಾಬ್ದಾರಿ ಅವನಿಗೇ ವಹಿಸಿದ್ದಳು. ಹಾಗಾಗಿ ನನ್ನ ಗಂಡ ಹಿಂದಿನ ದಿನ ಬೆಳಿಗ್ಗೆ, ಹೊರಡುವ ಮುಂಚೆ, ವಿಶಾಖಪಟ್ಟಣದ ಮನೆಯಲ್ಲೂ ಶಾಮಿಯಾನದವನ ಜೊತೆ ಫೋನಿನಲ್ಲಿ ಕಾದಾಡುತ್ತಿದ್ದರು, ಶಾಸ್ತ್ರದ ದಿನ ಪಟಮಟದಲ್ಲೂ ಅದೇ. ನಾನು ಒಳಕೋಣೆಯಲ್ಲಿ ಪೆನ್ನು ಸಿದ್ಧಮಾಡಿ "ಎಂಟು" ಎಂದೆ. ಅವರು ಕಿವಿಗೆ ಫೋನು ಒತ್ತಿಕೊಂಡೇ ಬಗ್ಗಿ ನೋಡಿ, "ಪಾಸ್ ಪಾಸ್" ಎಂದು ಕೈಯಾಡಿಸಿ, ಮುರಿದ ಕುರ್ಚಿ ಕಳಿಸಿದ್ದಕ್ಕೆ ಅವನನ್ನು ತೆಲುಗಿನಲ್ಲಿ ಬೈಯುತ್ತಾ ಹೊರಗೆ ಹೋದರು. ನಾನು ಚುಚ್ಚಿಕೊಂಡೆ. ಸೂಜಿ ತೆಗೆದೆ. ಅಷ್ಟರಲ್ಲಿ ನಾದಿನಿ ಕೂಗಿದಳು.

"ವದಿನಾ! ಹೂವೆಲ್ಲಾ ಗಂಟಾಗಿದೆ, ಬಂದು ಬಿಡಿಸಿಕೊಡಿ. ನಿಮ್ಮದು ನಿಧಾನದ ಕೈ ಅಲ್ವಾ!"

ವದಿನ ಎಂದರೆ ತೆಲುಗಿನಲ್ಲಿ ಅತ್ತಿಗೆ. ನಿಧಾನದ ಕೈ ಎಂದರೆ ಏನೆಂದು ನನಗೆ ಗೊತ್ತು. ಅವಳ ಮನೆಯಲ್ಲಿ ಒಲೆಯ ಹತ್ತಿರ ನನ್ನನ್ನು ಯಾವತ್ತೂ ಬಿಟ್ಟಿಲ್ಲ, ಕಾಯಿಲೆಯವಳು ಮುಟ್ಟಿದ್ದನ್ನು ತಿನ್ನಬಾರದೇನೋ ಎಂಬಂತೆ. ಹೋಗಿ ಮೊಗಸಾಲೆಯಲ್ಲಿ ಕುಳಿತು ತೊಟ್ಟಿಲಿಗೆ ಕಟ್ಟುವ ಮಾಲೆ ಬಿಡಿಸಿದೆ. ತಿಂಡಿಗೆ ಕರೆದಾಗ ಕೈತೊಳೆಯಲು ಒಳಗೆ ಬಂದೆ. ಗಂಡ ಕೋಣೆಯಲ್ಲಿ ಪೆನ್ನು ಹಿಡಿದು ನಿಂತಿದ್ದರು. ಹೊಸ ಸೂಜಿ ಸಿಕ್ಕಿಸಿದ್ದರು. ಕಿಟಕಿಯಲ್ಲಿ ಎಂಟು.

"ತಗೋ, ಇಟ್ಟೀನಿ. ಪೆಸರಟ್ಟು ಬಂತು, ಬೇಗ."

"ಹಾಕ್ಕೊಂಡೆನಲ್ರಿ."

"ಎಲ್ಲಿ ಹಾಕ್ಕೊಂಡಿ? ನಾನಿನ್ನಾ ಪಾಸೇ ಮಾಡಿಲ್ಲ."

"ಮಾಡಿದ್ರಿ. ಫೋನ್ ಹಿಡ್ಕೊಂಡು."

"ಅದು ನಿನ್ನೆ, ಮನ್ಯಾಗ. ಇವತ್ತು ಪೆನ್ ಸೊನ್ನೆ ಇತ್ತು, ಸೂಜಿನೂ ಇರಲಿಲ್ಲ. ನನ್ನ ಕಣ್ಣು ಹೋಗ್ಯಾವೇನು?"

ನಿನ್ನೆಯೂ ಫೋನು ಹಿಡಿದೇ ಪಾಸ್ ಎಂದಿದ್ದರು, ಅದು ನಿಜ. ಅದೇ ಹೊತ್ತು, ಅದೇ ಹೊಟ್ಟೆ, ಅದೇ ಎಂಟು. ಇಷ್ಟು ವರ್ಷ ಚುಚ್ಚಿಕೊಂಡವಳ ಕೈಗೆ ಒಂದು ಬೆಳಿಗ್ಗೆಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಇಂಥ ಅನುಮಾನಕ್ಕೆ ಒಂದೇ ಉತ್ತರ: ಹಾಕಿಕೊಳ್ಳಬಾರದು. ಸುಮ್ಮನಿದ್ದು, ಆಮೇಲೆ ರಕ್ತ ಪರೀಕ್ಷಿಸಿ ನೋಡಬೇಕು. ತಪ್ಪಿಹೋದ ಡೋಸನ್ನು ಸರಿಪಡಿಸಬಹುದು, ಎರಡು ಸಲ ಒಳಗೆ ಹೋದದ್ದನ್ನು ಹೊರಗೆ ತೆಗೆಯಲಾಗದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತ ಎಷ್ಟೋ ಹೊಸಬರಿಗೆ ನಾನೇ ಇದನ್ನು ಹೇಳಿದ್ದೇನೆ. ಆದರೆ ಅದಕ್ಕಿಂತ ಹೆಚ್ಚು ಸಲ, ಅದಕ್ಕಿಂತ ಜೋರಾಗಿ, ಬ್ಯಾಂಕಿನಲ್ಲಿ ನನ್ನ ಕೈಕೆಳಗಿನವರಿಗೆ ಇನ್ನೊಂದು ಮಾತು ಹೇಳಿದ್ದೆ: ಪಾಸ್ ಆಗದ ಎಂಟ್ರಿ ಎಂಟ್ರಿಯೇ ಅಲ್ಲ. ಪಾಸ್ ಮಾಡುವವರು ಮಾಡಿಲ್ಲ ಎನ್ನುತ್ತಿದ್ದಾರೆ. ಹೊರಗೆ ಪೆಸರಟ್ಟು ಆರುತ್ತಿದೆ. ಚುಚ್ಚಿಕೊಂಡೆ.

ತೊಟ್ಟಿಲಿಗೆ ಮಗುವನ್ನು ಹಾಕುವ ಹೊತ್ತಿಗೆ ಕುತ್ತಿಗೆಯ ಹಿಂದೆ ತಣ್ಣನೆ ಬೆವರು ಇಳಿಯಿತು. ನಾಲಿಗೆ ಜೋಮು. ಪುರೋಹಿತರ ಧ್ವನಿ ಪಕ್ಕದ ಬೀದಿಯಿಂದ ಬಂದಂತೆ ಕೇಳಿತು. ಚೀಲದಲ್ಲಿದ್ದ ಮೀಟರಿನಲ್ಲಿ ನೋಡಿದೆ, ಐವತ್ತಕ್ಕೂ ಕೆಳಗೆ. ಅಷ್ಟು ತಿಂದ ಮೇಲೂ ಇಷ್ಟು ಇಳಿದಿದೆ ಎಂದರೆ ಎಂಟು ಎರಡು ಸಲ ಹೋಗಿದೆ. ತಲೆ ಮಂಕಾಗಿದ್ದರೂ ಈ ಲೆಕ್ಕ ತಪ್ಪಲಿಲ್ಲ.

"ಸಕ್ಕರೆ ತರ್ರಿ," ಎಂದೆ. "ನೀರಿನಾಗ ಕಲಸಿ. ಬೇಗ."

ಆಮೇಲಿನದು ದೊಂಬಿ. "ಷುಗರ್ ಇರೋರಿಗೆ ಸಕ್ಕರೆನಾ?" ಎಂದು ಯಾರೋ ಕಿರುಚಿದರು. ನಾದಿನಿಯ ಗಂಡ, ಮನೆ ಕಟ್ಟಿಸುವ ಕಾಂಟ್ರಾಕ್ಟರ್, ಎಲ್ಲದಕ್ಕೂ ಮುಂದೆ ನುಗ್ಗುವ ಮನುಷ್ಯ, ಒಳಗೋಡಿ ನನ್ನ ಪೆನ್ನನ್ನೇ ತಂದರು.

"ಬಾವಗಾರು, ಇಂಜೆಕ್ಷನ್ ಕೊಟ್ಟುಬಿಡಿ! ಕಣ್ಣು ತೇಲಿಸ್ತಿದ್ದಾರೆ, ನೋಡಿ!" ಎಂದು ನನ್ನ ಗಂಡನಿಗೆ ಕೂಗಿದರು.

"ಅದನ್ನ ಮುಟ್ಟಿದ್ರ ನಿಮ್ಮ ಮ್ಯಾಲೆ ಕೊಲೆ ಕೇಸ್ ಆಗ್ತೈತಿ," ಎಂದೆ. ಕನ್ನಡದಲ್ಲಿ ಹೇಳಿದೆ, ಅವರಿಗೆ ಅರ್ಥವಾಗಲಿಲ್ಲ. ಮುಖ ನೋಡಿ ಹಿಂದೆ ಸರಿದರು.

ನಾದಿನಿ ತಟ್ಟೆ ತುಂಬ ಪೂತರೇಕು ತಂದು ಬಾಯಿಗೆ ಹಿಡಿದಳು. ಮದುವೆಯಾದಂದಿನಿಂದ ಯಾವ ಹಬ್ಬದಲ್ಲೂ ನನ್ನ ಎಲೆಗೆ ಸಿಹಿ ಬಡಿಸದವಳು. ತುಪ್ಪದಲ್ಲಿ ಅದ್ದಿದ ಸಿಹಿ ರಕ್ತಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ನನಗೆ ಅಷ್ಟು ಹೊತ್ತಿರಲಿಲ್ಲ. ತಟ್ಟೆಯನ್ನು ತಳ್ಳಿದೆ. ಪೂತರೇಕು ಚಾಪೆಯ ಮೇಲೆ ಬಿದ್ದು ಪುಡಿಯಾಯಿತು. ಆಗ ನನ್ನ ಗಂಡ ಲೋಟದಲ್ಲಿ ಸಕ್ಕರೆ ನೀರು ತಂದು ಹಿಡಿದರು. ಏನಾಯಿತು, ಹೇಗಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಕುಡಿದೆ. ಸ್ವಲ್ಪ ಹೊತ್ತು ಕಾದು ಪರೀಕ್ಷಿಸಿದೆ, ಮತ್ತೆ ಕುಡಿದೆ, ಮತ್ತೆ ಪರೀಕ್ಷಿಸಿದೆ, ಅನ್ನ ತಿಂದೆ. ವಿಶಾಖಪಟ್ಟಣದ ನನ್ನ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಒಬ್ಬರೇ ಮಲಗಬೇಡಿ, ಪರೀಕ್ಷೆ ನಿಲ್ಲಿಸಬೇಡಿ, ಮತ್ತೆ ಇಳಿದರೆ ಆಸ್ಪತ್ರೆಗೆ ಹೋಗಿ ಎಂದರು. ಮಧ್ಯಾಹ್ನದ ಹೊತ್ತಿಗೆ ಮನುಷ್ಯಳಾದೆ.

ಊಟವಾಗಿ ನೆಂಟರು ಕರಗಿದ ಮೇಲೆ ತೀರ್ಪು ಬಂತು.

"ಅನ್ನಯ್ಯಾ, ವದಿನಕಿ ಮತಿಮರುಪು ವಚ್ಚಿಂದಿ," ಎಂದಳು ನಾದಿನಿ. ಅತ್ತಿಗೆಗೆ ಮರೆವು ಶುರುವಾಗಿದೆ ಎಂದು, ನಾನು ಎದುರಿಗೇ ಕುಳಿತಿರುವಾಗ, ಮಂಚ ಕಪಾಟುಗಳ ಬಗ್ಗೆ ಮಾತಾಡಿದಂತೆ. "ಹಾಕಿಕೊಂಡದ್ದನ್ನೇ ಮತ್ತೆ ಹಾಕಿಕೊಂಡರೆ ಇನ್ನೇನು? ಇನ್ನು ಆ ಪೆನ್ನುಗಳು ನಿನ್ನ ಹತ್ತಿರವೇ ಇರಲಿ. ಕೇಳಿದಾಗ ಕೊಡು."

ನಾನು ಗಂಡನ ಮುಖ ನೋಡಿದೆ. ಅವರು ಬಾಯಿ ತೆರೆಯಬೇಕಿತ್ತು. ಎರಡನೇ ಸಲ ಪೆನ್ನು ತಿರುಗಿಸಿಟ್ಟದ್ದು ನಾನು ಎಂದರೆ ಮುಗಿಯುತ್ತಿತ್ತು. ಅವರು ಎದ್ದುಹೋಗಿ ನನ್ನ ಎರಡೂ ಪೆನ್ನುಗಳನ್ನು, ತಿಂಡಿ ಊಟಕ್ಕೆ ಮೊದಲಿನದನ್ನೂ ಮಲಗುವ ಮುಂಚಿನದನ್ನೂ, ತಂದು ತಮ್ಮ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡರು, ಆಫೀಸಿಗೆ ಹೊರಟವರ ಹಾಗೆ.

"ನೀವು ಇಟ್ಟಿದ್ದನ್ನ ಹೇಳ್ರಿ ಅವರಿಗೆ," ಎಂದೆ.

"ಈಗ ಬ್ಯಾಡ. ಸುಸ್ತಾಗೀದಿ, ಮಲಕ್ಕೋ."

"ನೋಡು, ಅನ್ನಯ್ಯನ ಮೇಲೇ ಹಾಕ್ತಿದ್ದಾಳೆ," ಎಂದಳು ನಾದಿನಿ ತನ್ನ ಗಂಡನ ಕಡೆ ತಿರುಗಿ.

ಸಂಜೆಯ ಡೋಸಿಗೆ ನನ್ನ ಪೆನ್ನನ್ನು ನಾನು ಕೇಳಿ ಪಡೆಯಬೇಕಾಯಿತು. ಕೊಟ್ಟರು, ಹಾಕಿಕೊಳ್ಳುವವರೆಗೂ ನಿಂತಿದ್ದರು, ವಾಪಸು ತೆಗೆದುಕೊಂಡರು. ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು. ಗಾಜಿನ ಸಿರಿಂಜಿನ ಕಾಲದಿಂದ ನನ್ನ ಜೀವವನ್ನು ನಡೆಸಿಕೊಂಡು ಬಂದವಳು ನಾನು. ಒಂದೇ ಹಗಲಿನಲ್ಲಿ ಅದು ಒಬ್ಬ ಮರೆಗುಳಿಯ ಜೇಬಿಗೆ ಹೋಗಿತ್ತು. ಇನ್ನು ಮುಂದೆ ನನ್ನ ಯಾವ ಮಾತಿಗಾದರೂ, ನಾನು ಹಾಕಿಕೊಂಡೆ ಎಂದರೂ ಹಾಕಿಕೊಂಡಿಲ್ಲ ಎಂದರೂ, ಇವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಂಥ ಮನೆಯಲ್ಲಿ ಮುಂದಿನ ತಪ್ಪಿಗೆ ನಾನು ಉಳಿಯುವುದಿಲ್ಲ. ಇದು ಸಿಟ್ಟಿನ ಮಾತಲ್ಲ, ನನ್ನ ಕಾಯಿಲೆಯ ಸರಳ ಸತ್ಯ.

ಮರುದಿನ ಹಗಲು ರೈಲಿನಲ್ಲಿ ಹೊರಟೆವು. ಏಲೂರು ದಾಟಿತು. ಆಮೇಲೆ ಇನ್ಸ್‌ಪೆಕ್ಷನ್‌ಗೆ ಬಂದವರ ಹಾಗೆ ಕೇಳಿದೆ.

"ನಿನ್ನೆ ಬೆಳಿಗ್ಗೆ ನೀವು ಪಾಸ್ ಅಂದಾಗ ಶಾಮಿಯಾನದಾವ್ನಿಗೆ ಏನ್ ಬೈತಿದ್ರಿ?"

"ಏನೋ. ಕುರ್ಚಿ ಮುರಿದದ್ದಕ್ಕ."

"ಕುರ್ಚಿ ಯಾವತ್ತು ಬಂದ್ವು?"

ಅವರು ಕಿಟಕಿಯ ಹೊರಗೆ ನೋಡಿದರು. ಕುರ್ಚಿ ಬಂದದ್ದು ಶಾಸ್ತ್ರದ ದಿನ ಬೆಳಿಗ್ಗೆ. ಅದರ ಹಿಂದಿನ ದಿನ ಬೈಯಲು ಮುರಿದ ಕುರ್ಚಿಯೇ ಇರಲಿಲ್ಲ.

"ನಂಗ ಗೊತ್ತಾಗಿತ್ತು," ಎಂದರು.

"ಯಾವಾಗ?"

"ನೀ ಸಕ್ಕರೆ ಕೇಳಿದಾಗ."

"ಗೊತ್ತಿದ್ದೂ ಪೆನ್ ಜೇಬಿಗಿಟ್ಕೊಂಡ್ರಿ."

"ಅಷ್ಟ್ ಮಂದಿ ಮುಂದ ಹೆಂಗ್ ಹೇಳ್ಲೇ? ನಂಗ... ನಂಗ ಹೆದರಿಕೆ ಆತು. ಕೈಯಾರೆ ನಿನ್ನ ಕೊಲ್ತಿದ್ದೆ."

ಈ ಮಾತಿಗೆ ಕರಗುವ ಹೆಂಡತಿಯರು ಇರಬಹುದು. ನಾನು ಫೋನು ತೆಗೆದು ಅವರ ಕೈಗೆ ಕೊಟ್ಟೆ. "ಈಗ ಹೇಳ್ರಿ ನಿಮ್ಮ ತಂಗಿಗೆ. ಸ್ಪೀಕರ್ ಹಾಕಿ."

ಹೇಳಿದರು. ತೆಲುಗಿನಲ್ಲಿ, ಮೆಲ್ಲಗೆ, ಪಕ್ಕದ ಸೀಟಿನವರಿಗೆ ಕೇಳಿಸದಂತೆ. ಆದರೆ ಪೂರ್ತಿ ಹೇಳಿದರು. ಅವಳು ಹಾಕಿಕೊಂಡಾಗಿತ್ತು, ನಾನು ಮರೆತೆ, ನಾನೇ ಮತ್ತೆ ಇಟ್ಟುಕೊಟ್ಟೆ, ಬೇಡವೆಂದರೂ ಹಾಕಿಸಿದೆ ಎಂದು. ಆ ಕಡೆಯಿಂದ ನಾದಿನಿ ನಕ್ಕಳು.

"ವದಿನ ಪಕ್ಕದಲ್ಲೇ ಕೂತಿದ್ದಾಳಾ ಅನ್ನಯ್ಯಾ? ಇರಲಿ ಬಿಡು. ನೀನು ಮೊದಲಿಂದಲೂ ಅವಳ ತಪ್ಪನ್ನ ನಿನ್ನ ಮೇಲೇ ಎಳೆದುಕೊಳ್ಳೋನು."

ಗಂಡ ನನ್ನ ಕಡೆ ನೋಡಿದರು. "ಇಲ್ಲಮ್ಮಾ, ನಿಜವಾಗ್ಲೂ ನಾನೇ—" ಎಂದು ಮತ್ತೆ ಶುರುಮಾಡಿದರು. ಅವಳು, ಮಗು ಅಳ್ತಿದೆ, ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟಳು. ಇಂದಿಗೂ ಆ ಮನೆಯಲ್ಲಿ ಮರೆವು ನನಗೇ. ಫೋನು ಮಾಡಿದಾಗಲೆಲ್ಲ ವದಿನ ಹೇಗಿದ್ದಾಳೆ ಎಂದು ಅಣ್ಣನನ್ನು ಕೇಳುವ ದನಿಯಲ್ಲಿ ಅದು ಇರುತ್ತದೆ. ಇರಲಿ. ಅವಳು ನಂಬುವುದರಿಂದ ನನ್ನ ರಕ್ತದಲ್ಲಿ ಸಕ್ಕರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ನಾನು ಕೈ ಚಾಚಿ ಗಂಡನ ಜೇಬಿನಿಂದ ಎರಡೂ ಪೆನ್ನು ತೆಗೆದುಕೊಂಡು ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದೆ.

"ಹಂಗಾದ್ರ ಇನ್ನ ಪಾಸ್ ಮಾಡೋದು?"

"ಇನ್ನ ಪಾಸೂ ಇಲ್ಲ, ಫೇಲೂ ಇಲ್ಲ. ನೀವು ರಿಟೈರ್ ಆಗೀರಿ."

ಮನೆಯಲ್ಲಿ ಈಗ ಪೆನ್ನು ತಟ್ಟೆಯಲ್ಲಿ ಇರುವುದಿಲ್ಲ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತೇನೆ. ಒಬ್ಬಳೇ, ಮಾತಿಲ್ಲದೆ, ಫೋನಿಲ್ಲದೆ. ಅನುಮಾನ ಬಂದರೆ ಹಾಕಿಕೊಳ್ಳುವುದಿಲ್ಲ, ಯಾರು ಏನೇ ಆಣೆಯಿಟ್ಟರೂ. ಒಮ್ಮೆ ಹಾಗೆ ಬಿಟ್ಟು, ಆಮೇಲೆ ನೋಡಿದರೆ ಸಕ್ಕರೆ ಏರಿತ್ತು, ನಿಜವಾಗಿಯೂ ಡೋಸ್ ತಪ್ಪಿತ್ತು. ಡಾಕ್ಟರು ಹೇಳಿಕೊಟ್ಟಂತೆ ಸರಿಪಡಿಸಿಕೊಂಡೆ. ಗಂಡನಿಗೆ ಹೇಳಲಿಲ್ಲ.

ಅವರು ದಿನವೂ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಾರೆ. ನಾನು ಹೊರಗೆ ಬರುತ್ತಲೇ ಕೇಳುತ್ತಾರೆ.

"ಹಾಕ್ಕೊಂಡ್ಯಾ?"

ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. ಕುರ್ಚಿ ಎಳೆದು ಕುಳಿತುಕೊಳ್ಳುತ್ತೇನೆ.

"ಬಡಿಸ್ರಿ," ಎನ್ನುತ್ತೇನೆ.