ಬಾಯಿ ನೋಡದೆ ಹೇಳಿದ ಮೀನು

ಅತ್ತೆ ಮೈಸೂರಿನಿಂದ ಅಮೆರಿಕದ ಕೊಲಂಬಿಯಾ ಎಂಬ ಊರಿನ ನಮ್ಮ ಮನೆಗೆ ಬಂದಾಗ, ನನ್ನದು ನೀರು ಪರೀಕ್ಷೆ ಮಾಡುವ ಕೆಲಸ ಎಂದು ಹೇಳಿದ್ದೆ. ನೀರಿನಲ್ಲಿ ಮೀನೂ ಇರುತ್ತದಲ್ಲ, ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜವಾದ ಕೆಲಸ ಬೇರೆ. ಚೆಸಾಪೀಕ್ ಕೊಲ್ಲಿಯಲ್ಲಿ ಮೀನುಗಾರರ ಬಲೆಗೆ ಸ್ಟರ್ಜನ್ ಎಂಬ ದೊಡ್ಡ ಮೀನು ಬಿದ್ದರೆ ಹೋಗಿ, ಹಿಡಿದು, ಅಳೆದು, ಯಾವ ಜಾತಿಯದೆಂದು ಹೇಳಬೇಕಾದವಳು ನಾನು. ಹಬ್ಬದ ದಿನ ಈರುಳ್ಳಿಯನ್ನೇ ಒಳಗೆ ಬಿಡದ ಹೆಂಗಸು, ಮೀನು ಮುಟ್ಟಿದ ಕೈಯ ಸಾರು ಉಂಡಾರೆಯೇ? ಅದಕ್ಕೇ ಸಂಜೆ ಬಂದವಳು ಕೈಗೆ ನಿಂಬೆಹಣ್ಣು ಉಜ್ಜಿ, ಸ್ನಾನ ಮಾಡಿಯೇ ಒಲೆಯ ಮುಂದೆ ನಿಲ್ಲುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ, ಗೆಳತಿಯ ಮನೆಯ ಸತ್ಯನಾರಾಯಣ ಪೂಜೆಗೆ ರೇಷ್ಮೆ ಸೀರೆ ಉಟ್ಟು ಅತ್ತೆಯ ಜೊತೆ ಹೊರಟಿದ್ದೆ. ದಾರಿಯಲ್ಲಿ ಪೇಜರ್ ಕೂಗಿತು. ಗ್ಯಾಸ್ ಸ್ಟೇಷನ್ನಿನಿಂದ ಫೋನ್ ಮಾಡಿದರೆ, ಮೀನುಗಾರನೊಬ್ಬ ಜೀವಂತ ಸ್ಟರ್ಜನ್ ಇಟ್ಟುಕೊಂಡು ಕಾಯುತ್ತಿದ್ದಾನಂತೆ, ನಮ್ಮ ಟ್ಯಾಂಕಿನ ಟ್ರಕ್ಕೂ ಅಲ್ಲಿಗೆ ಹೋಗಿದೆಯಂತೆ.

ದೋಣಿಗಳು ನಿಲ್ಲುವ ದಕ್ಕೆಯ ಬಳಿ ಕಾರು ನಿಲ್ಲಿಸಿ, "ಅತ್ತೆ, ಒಂದು ವಾಟರ್ ಸ್ಯಾಂಪಲ್ ನೋಡ್ಬಿಟ್ಟು ಬರ್ತೀನಿ. ನೀವು ಕಾರಲ್ಲೇ ಕೂತಿರಿ" ಎಂದೆ. ಅವರು ಕೂರಲಿಲ್ಲ. ಸೆರಗು ಹೊದ್ದು ನನ್ನ ಹಿಂದೆಯೇ ದಕ್ಕೆಗೆ ನಡೆದು ಬಂದರು.

ಇಲ್ಲಿ ಸ್ಟರ್ಜನ್‌ಗಳಲ್ಲಿ ಎರಡು ಜಾತಿ, ಒಂದು ಮೊಂಡು ಮೂತಿಯದು, ಇನ್ನೊಂದು ಅಟ್ಲಾಂಟಿಕ್. ಎರಡಕ್ಕೂ ಬೆನ್ನ ಮೇಲೆ ಮೂಳೆಯ ಬಿಲ್ಲೆಗಳ ಸಾಲು, ಎರಡಕ್ಕೂ ಮೀಸೆ. ಮೊಂಡು ಮೂತಿಯದು ಬೆಳೆದು ನಿಂತರೂ ಅಟ್ಲಾಂಟಿಕ್‌ನ ಮರಿಯಷ್ಟೇ ಇರುತ್ತದೆ. ಹೆಸರು ನಂಬಿ ಮೂತಿ ನೋಡಿ ಹೇಳಹೊರಟರೆ ಕೆಟ್ಟೆವು, ಮೂತಿ ಒಂದೊಂದು ಮೀನಿಗೆ ಒಂದೊಂದು ಥರ. ಮೀನನ್ನು ಮಗುಚಿ, ಹೊಟ್ಟೆಯ ಕಡೆ ಇರುವ ಬಾಯಿಯ ಅಗಲ ಅಳೆಯಬೇಕು. ಕಣ್ಣುಗಳ ನಡುವಿನ ಅಂತರಕ್ಕೆ ಹೋಲಿಸಿದರೆ ಅಟ್ಲಾಂಟಿಕ್‌ನದು ಸಣ್ಣ ಬಾಯಿ, ಮೊಂಡು ಮೂತಿಯದಕ್ಕೆ ಅಗಲ ಬಾಯಿ. ಅಟ್ಲಾಂಟಿಕ್ ಆದರೆ ತಳಿ ಬೆಳೆಸಲು ಟ್ಯಾಂಕಿಗೆ ಒಯ್ಯುತ್ತಿದ್ದೆವು. ಮೊಂಡು ಮೂತಿಯದು ಅಳಿವಿನಂಚಿನದು, ಅದನ್ನು ಒಯ್ಯಲು ನಮಗೆ ಪರ್ಮಿಟ್ ಇರಲಿಲ್ಲ, ಅಲ್ಲೇ ನೀರಿಗೆ ಬಿಡಬೇಕಿತ್ತು.

ತೊಟ್ಟಿಯಲ್ಲಿ ಮೀನು ಕಿವಿರು ಆಡಿಸುತ್ತಿತ್ತು. ಮೂತಿ ಸಾಕಷ್ಟು ಉದ್ದವಾಗಿಯೇ ಕಂಡಿತು. ಬೆನ್ನ ಹಿಂದೆ ಅತ್ತೆ. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ನಾಲ್ಕು ಮಾರು ದೂರದಿಂದಲೇ, "ಅಟ್ಲಾಂಟಿಕ್, ಲೋಡ್ ಮಾಡಿ" ಎಂದುಬಿಟ್ಟೆ. ಟ್ರಕ್ಕಿನವನು ನನ್ನ ಸೀರೆ ನೋಡಿ ಮುಗುಳ್ನಕ್ಕು ಮೀನು ಎತ್ತುವ ಜೋಲಿ ತಂದ.

"ಮುಟ್ಟದೆ ಹೇಳಿದ್ರೆ ಸರಿ ಹೋಗತ್ತೇನೇ?" ಅತ್ತೆ ಮೆಲ್ಲಗೆ ಕೇಳಿದರು. "ದಿನಾ ಹೀಗೇನಾ ನೋಡೋದು?"

ಟ್ರಕ್ಕಿನವನನ್ನು ತಡೆದು, ಸೆರಗು ಸಿಕ್ಕಿಸಿ, ತೊಟ್ಟಿಗೆ ಕೈ ಹಾಕಿ ಮೀನನ್ನು ಮಗುಚಿದೆ. ಅಳತೆಪಟ್ಟಿ ಇಡುವ ಮೊದಲೇ ಗೊತ್ತಾಯಿತು. ಅಗಲವಾದ ಬಾಯಿ, ಮೊಂಡು ಮೂತಿಯದು. ನನ್ನ ಮಾನ ಉಳಿಸಿಕೊಳ್ಳಲು ಅದನ್ನು ಟ್ರಕ್ಕಿಗೆ ಹತ್ತಿಸುವುದರಲ್ಲಿದ್ದೆ. ತಪ್ಪಾಯಿತು ಎಂದು ಮೀನುಗಾರನಿಗೂ ಟ್ರಕ್ಕಿನವನಿಗೂ ಹೇಳಿ, ನಾನೇ ಅದನ್ನು ನೀರಿಗೆ ಇಳಿಸಿದೆ. ಬಾಲ ಒಮ್ಮೆ ಬಡಿದು ಹೋಯಿತು.

ನಲ್ಲಿಯಲ್ಲಿ ಕೈ ತೊಳೆದು ಕಾರು ಹತ್ತಿದೆ.

"ನಿನ್ನ ಬಟ್ಟೆ ಮಡಿಸೋಳು ನಾನಲ್ವೇನೇ?" ಎಂದರು ಅತ್ತೆ. "ಮೀನಿನ ವಾಸನೆ ನಾನು ಬಂದ ವಾರವೇ ಗೊತ್ತಾಯ್ತು. ಮೊದಲ ದಿನ ತುತ್ತು ಗಂಟಲಲ್ಲಿ ಇಳೀಲಿಲ್ಲ, ನಿಜ. ಆಮೇಲೆ ಉಂಡೆ. ನೀನಾಗೇ ಹೇಳ್ತೀಯಾ ಅಂತ ಕಾಯ್ತಿದ್ದೆ."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಪಾಡು ನನ್ನದು. ಇಷ್ಟು ದಿನ ನಾನು ಅವರನ್ನೂ ದೂರದಿಂದ ನೋಡಿಯೇ ಇಂಥವರು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಪೂಜೆ ಮುಗಿಯುವ ಹೊತ್ತಿಗೆ ತಲುಪಿದೆವು. ಬಾಗಿಲಲ್ಲೇ ಗೆಳತಿ, "ಯಾಕೆ ಇಷ್ಟು ಲೇಟು?" ಎಂದಳು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಕೂಡ ನನ್ನ ಕಡೆ ನೋಡಿ ಕಾದರು.

"ಟ್ರಾಫಿಕ್" ಎಂದೆ.

ಮಂಗಳಾರತಿಯಾದ ಮೇಲೆ ಅತ್ತೆ ಪ್ರಸಾದದ ಸಜ್ಜಿಗೆಯ ಪಾತ್ರೆಯನ್ನು ಎತ್ತಿ ತಂದು ನನ್ನ ಕೈಗಿಟ್ಟರು.

"ಎಲ್ಲರಿಗೂ ನೀನೇ ಹಂಚು" ಎಂದು, ಮೊದಲು ತಾವೇ ಕೈ ಒಡ್ಡಿದರು.

ನಾನು ತಲೆ ಎತ್ತದೆ ಹಂಚಿದೆ.