ಆ ಹೀರೋಗ ಉಣ್ಣಾಕ ಯಾರು ನೀಡ್ತಾರ?

ಲೇ ದೋಸ್ತರಾ, ಇವತ್ತು ಒಂದು ಡ್ರ್ಯಾಗನ್ ಸಲುವಾಗಿ ನಾನೂ ಕಂಪ್ಲಿಯ ಮಂಜನೂ ಹೊಡೆದಾಡುವುದೊಂದು ಬಾಕಿ ಇತ್ತು. ನಾವು ಆಡುವ ಗೇಮಿನ ಮುಂದಿನ ಭಾಗದಲ್ಲಿ ಏನಿರಬೇಕು ಅಂತ ಕಂಪನಿಯವರು ಕೇಳಿದ್ದಾರೆ. ಒಂದು ಫೋನಿಗೆ ಒಂದೇ ಆಸೆ, ಇವತ್ತೇ ಕಡೆಯ ದಿನ. ಮಂಜನ ಫೋನು ಕಾಲುವೆಗೆ ಬಿದ್ದು ಸತ್ತಿದೆ, ಅದಕ್ಕೇ ನಮ್ಮ ಮನೆಗೆ ಬಂದು ನನ್ನ ಫೋನಿಗೆ ಗಂಟುಬಿದ್ದಿದ್ದ. ಅವನಿಗೆ ಹತ್ತಿ ಹಾರಲು ಡ್ರ್ಯಾಗನ್ ಬೇಕು. ನನಗೆ ಹಂಪಿಯಷ್ಟು ದೊಡ್ಡ ಊರು ಬೇಕು, ಎಲ್ಲಾ ಗುಡ್ಡ ಹತ್ತುವ ಹಾಗಿರಬೇಕು.

ಮಲಪನಗುಡಿಯ ನಮ್ಮ ಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದ ಅವ್ವ ಫೋನಿಗೆ ಇಣುಕಿದಳು. ನನ್ನ ಹೀರೋ ಯಾರದೋ ಮನೆಗೆ ನುಗ್ಗಿ ಪೆಟ್ಟಿಗೆ ತೆಗೆಯುತ್ತಿದ್ದ.

“ಥೂ! ಬೂಟುಗಾಲಾಗ ಅಡಿಗಿಮನಿಗೆ ಹೊಕ್ಕಾನ. ಇವ್ಗ ಹೇಳೋರು ಕೇಳೋರು ಇಲ್ಲೇನು?”

“ಇಲ್ಲಬೇ! ಅವ್ನಿಗೆ ಅವ್ವ ಅಪ್ಪ ಯಾರೂ ಇಲ್ಲ. ನೀ ಸುಮ್ಕಿರು!” ಅಂತ ಕಿರುಚಿದೆ.

ಅವ್ವನ ಕೈ ನಿಂತಿತು. “ಇಷ್ಟು ದಿನದಿಂದ ಆಡಾಕತ್ತೀಯಲ್ಲೋ, ಒಬ್ಬರರ ಅವ್ನಿಗೆ ‘ಬಾರಪ, ಉಣ್ಣು’ ಅಂದಿಲ್ಲೇನು?”

ಯೋಚಿಸಿದೆ. ಯಾರೂ ಅಂದಿರಲಿಲ್ಲ. ಎಲ್ಲರೂ ಬರೀ ಕೆಲಸ ಹೇಳಿದ್ದರು. ಆ ಗೇಮಿನ ಊರವರ ಮೇಲೆ ಭಯಂಕರ ಸಿಟ್ಟು ಬಂತು. ‘ಆ ಊರಲ್ಲಿ ಒಬ್ಬ ಅವ್ವ ಇರಬೇಕು, ಅವನನ್ನು ಕರೆದು ಊಟ ಹಾಕಬೇಕು’ ಅಂತ ಬರೆದು ಕಳಿಸಿಬಿಟ್ಟೆ.

“ಲೇ ಹುಚ್ಚ! ಉಣ್ಣೋ ಸಲುವಾಗಿ ಯಾರರ ಗೇಮ್ ಆಡ್ತಾರೇನಲೇ? ಹೋತಲ್ಲಲೇ ನನ್ನ ಡ್ರ್ಯಾಗನ್!” ಅಂತ ಮಂಜ ಗಂಟಲು ಹರಿದುಕೊಂಡ.

ಅವ್ವ ಅವನ ಮುಂದೆ ತಾಟು ಇಟ್ಟಳು. ಮಂಜ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಲೇ ನಾಲ್ಕನೇ ರೊಟ್ಟಿ ಮುರಿದ.